ನಾವು ಮಲಗುವುದು ಚಾಸಿಯ ಮೇಲೆಯೇ

ಚೌತಿಗೆ ಊರಿಗೆ ಹೋಗುವ ಸದಸ್ಯರಿಗಾಗಿ ಎರಡು ಬಸ್ಸು ಗೊತ್ತುಮಾಡಲೆಂದು ಸಂಘದ ವತಿಯಿಂದ ನಾವು ಮೂವರು ಒಬ್ಬ ಟ್ರಾವೆಲ್ಸ್ ಏಜಂಟರ ಆಫೀಸಿಗೆ ಹೋಗಿದ್ದೆವು. ಏಜಂಟರು ನಮ್ಮ ಊರಿನ ಕಡೆಯವರೇ. ಚಹಾ ತರಿಸಿದರು. ಮೊಬೈಲಿನಲ್ಲಿ ಬಸ್ಸಿನ ಒಳಗಿನ ಫೋಟೊಗಳನ್ನು ತೋರಿಸಿದರು: ನೀಲಿ ದೀಪ, ಪರದೆ, ತಲೆದಿಂಬು, ಫೋನ್ ಚಾರ್ಜ್ ಮಾಡುವ ಸಾಕೆಟ್ಟು. "ಇದರ ಚಾಸಿ ಯಾವುದು? ಬಾಡಿ ಕಟ್ಟಿದವರು ಯಾರು? ಮೊದಲಿನಿಂದಲೇ ಸ್ಲೀಪರೋ, ಸೀಟಿನ ಬಸ್ಸನ್ನು ಸ್ಲೀಪರ್ ಮಾಡಿದ್ದೋ?" ಎಂದು ನಾವು ಕೇಳಿದೆವು. ಅವರು ಗಟ್ಟಿಯಾಗಿ ನಕ್ಕರು. "ಎಂತ ಮಾರಾಯ್ರೆ, ನೀವು ಮಲಗುವುದು ಬರ್ತಿನ ಮೇಲೆ, ಚಾಸಿಯ ಮೇಲಲ್ಲ!"

ಆ ನಗೆಗೆ ಅಲ್ಲೇ ಉತ್ತರ ಕೊಡಲು ನಮಗೆ ತೋಚಲಿಲ್ಲ. ಇಲ್ಲಿ ಕೊಡುತ್ತೇವೆ.

ಚಾಸಿ ಎಂಬುದು ಫ್ರೆಂಚ್ ಶಬ್ದ. ಚೌಕಟ್ಟು ಎಂಬುದೇ ಅದರ ಅರ್ಥ. ಆ ಭಾಷೆಯಲ್ಲಿ ಕಿಟಕಿಯ ಚೌಕಟ್ಟಿಗೂ ಅದೇ ಹೆಸರು, ಚಿತ್ರಕಾರನು ಬಟ್ಟೆ ಬಿಗಿಯುವ ಮರದ ಚೌಕಟ್ಟಿಗೂ ಅದೇ ಹೆಸರು. ಬರೆಯುವಾಗ ಕೊನೆಗೊಂದು 'ಸ್' ಇದೆ, ಬಾಯಲ್ಲಿ ಇಲ್ಲ. ಗ್ಯಾರೇಜಿನ ಹುಡುಗ 'ಚಾಸಿ' ಎಂದಾಗ 'ಚೇಸಿಸ್' ಎಂದು ತಿದ್ದುವ ವಿದ್ಯಾವಂತರಿಗಿಂತ ಆ ಹುಡುಗನೇ ಮೂಲಕ್ಕೆ ಹತ್ತಿರವಾಗಿದ್ದಾನೆ. ಹಿಂದೆ ಕೋಟೆಯ ಫಿರಂಗಿ ಹಿಂದೆ ಮುಂದೆ ಜಾರುವ ಅಡಿಗಟ್ಟನ್ನು ಚಾಸಿ ಎಂದರು. ವಿಮಾನ ಬಂದಾಗ ಅದು ನೆಲಕ್ಕಿಳಿಯುವ ಗಾಲಿ-ಕಾಲುಗಳನ್ನು ಹಾಗೆ ಕರೆದರು. ರಷ್ಯನ್ ಭಾಷೆಯಲ್ಲಿ ಇಂದಿಗೂ ಹಾಗೆಯೇ ಕರೆಯುತ್ತಾರೆ. ಹಳೆಯ ವಾಲ್ವ್ ರೇಡಿಯೋದಲ್ಲಿ ವಾಲ್ವುಗಳನ್ನೂ ಟ್ರಾನ್ಸ್‌ಫಾರ್ಮರನ್ನೂ ಕೂರಿಸಿದ ತಗಡಿನ ತಟ್ಟೆ ಚಾಸಿ. ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಚಾಸಿ. ನ್ಹಾವಾ ಶೇವಾ ಬಂದರಿನಿಂದ ಕಂಟೇನರು ಹೊತ್ತು ಬರುವ, ಎಲುಬು ಮಾತ್ರ ಉಳಿದಂತೆ ಕಾಣುವ ಟ್ರೇಲರೂ ಚಾಸಿ.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರು ಚಾಸಿ ಎನ್ನಲಿಲ್ಲ, ಫ್ರೇಮ್ ಎಂದರು. ನೂಲುವ ಖಾತೆಯಲ್ಲಂತೂ ಯಂತ್ರದ ಹೆಸರೇ ರಿಂಗ್ ಫ್ರೇಮ್. ನೇಯುವ ಖಾತೆಯಲ್ಲಿ ಸಾಂಚೆಯ ಎರಡು ಬದಿಯ ಬೀಡಿನ ಫ್ರೇಮು ನೆಲದ ಮೇಲೆ ಸಮನಾಗಿ ಕೂರದಿದ್ದರೆ ನೂಲು ಹರಿಯುತ್ತಿತ್ತು, ಬಟ್ಟೆ ಕೆಡುತ್ತಿತ್ತು. ಕೆಟ್ಟ ಬಟ್ಟೆಗೆ ದಂಡ ಯಾರಿಗೆ? ನೇಕಾರನಿಗೆ. ಫ್ರೇಮು ಕೂರಿಸಿದವನ ಪಗಾರದಿಂದ ಒಂದು ಆಣೆ ಕಡಿದದ್ದನ್ನು ಯಾರೂ ಕಂಡಿಲ್ಲ. ಅಡಿಯಲ್ಲಿರುವುದು ಕಣ್ಣಿಗೆ ಬೀಳುವುದಿಲ್ಲ. ಉಳಿತಾಯ ಮಾಡಬೇಕೆನಿಸಿದಾಗ ಮಾಲಕರ ಕೈ ಮೊದಲು ಹೋಗುವುದೂ ಅಲ್ಲಿಗೇ.

ಹೊಟೇಲಿನ ಅಡಿಗೆಮನೆಗೆ ಬನ್ನಿ. ರುಬ್ಬುವ ಗ್ರೈಂಡರಿನ ಉಕ್ಕಿನ ಚೌಕಟ್ಟೂ ಚಾಸಿಯೇ. ಮೋಟಾರಿನೊಳಗೆ ತಂತಿಯ ಹೊದಿಕೆ ಹಳೆಯದಾಗಿ ಒಂದೆಡೆ ಸುಲಿದರೆ ಕರೆಂಟು ನೇರ ಆ ಚೌಕಟ್ಟಿಗೆ ಇಳಿಯುತ್ತದೆ. ಚೌಕಟ್ಟಿಗೆ ಅರ್ಥಿಂಗ್ ಕೊಟ್ಟಿದ್ದರೆ ಕರೆಂಟು ಭೂಮಿಗೆ ಹೋಗುತ್ತದೆ, ಫ್ಯೂಸು ಹಾರುತ್ತದೆ. ಕೊಟ್ಟಿರದಿದ್ದರೆ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಹಿಟ್ಟು ತೆಗೆಯುವ ಹುಡುಗನ ಮೈಯೇ ಭೂಮಿಗೆ ದಾರಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಒಂದು ಪಿನ್ನು ದಪ್ಪಗೆ, ಉದ್ದಕ್ಕೆ ಇರುವುದು ಅಂದಕ್ಕಾಗಿ ಅಲ್ಲ. ಕರೆಂಟಿಗಿಂತ ಮೊದಲು ಭೂಮಿಯ ಸಂಪರ್ಕ ಆಗಲಿ ಎಂದು. ಪ್ಲಗ್ಗು ಕಿತ್ತೆಸೆದು ಎರಡು ಬತ್ತಲೆ ತಂತಿಗಳನ್ನು ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ನಡೆಸುವ ಅಡಿಗೆಮನೆಗಳನ್ನು ನಾವು ಕಂಡಿದ್ದೇವೆ. ಈ ಲೇಖನ ಓದುವವರಲ್ಲಿ ಹಲವರು ಅಂಥಲ್ಲಿ ದುಡಿದಿದ್ದಾರೆ. 30 ಮಿಲಿ ಆಂಪಿಯರ್ ಸೋರಿದೊಡನೆ ಕರೆಂಟು ಕಡಿಯುವ ಸ್ವಿಚ್ಚು ಪೇಟೆಯಲ್ಲಿ ಸಿಗುತ್ತದೆ. ಅದರ ಬೆಲೆ ಎದುರಿನ ಗಾಜಿನ ಕಪಾಟಿನ ಬೆಲೆಯ ಮುಂದೆ ಏನೂ ಅಲ್ಲ. ಗಾಜಿನ ಕಪಾಟು ಗಿರಾಕಿಗೆ ಕಾಣುತ್ತದೆ ಎಂಬುದೊಂದೇ ವ್ಯತ್ಯಾಸ.

ಈಗ ಬಸ್ಸಿಗೆ ಬರೋಣ. ಅದೇ ನಮ್ಮ ಮುಖ್ಯ ವಿಷಯ.

ಮೋಟಾರಿನಲ್ಲಿ ಚಾಸಿ ಎಂಬುದಕ್ಕೆ ಎರಡು ಅರ್ಥ. ಒಂದು, ಬರಿಯ ಉಕ್ಕಿನ ಏಣಿ. ಉದ್ದಕ್ಕೆ ಎರಡು ತೊಲೆ, ಒಂದೊಂದೂ ಇಂಗ್ಲಿಷಿನ 'ಸಿ' ಅಕ್ಷರದ ಆಕಾರ. ಅಡ್ಡಕ್ಕೆ ಮೆಟ್ಟಿಲಿನಂತೆ ಪಟ್ಟಿಗಳು. ಇನ್ನೊಂದು ವ್ಯಾಪಾರದ ಅರ್ಥ. ಆ ಏಣಿಗೆ ಇಂಜಿನ್, ಗೇರ್ ಪೆಟ್ಟಿಗೆ, ಅಚ್ಚು, ಸ್ಪ್ರಿಂಗು, ಗಾಲಿ, ಬ್ರೇಕು, ಸ್ಟಿಯರಿಂಗು, ಡೀಸೆಲ್ ಟ್ಯಾಂಕು ಎಲ್ಲವನ್ನೂ ಕೂರಿಸಿ, ಓಡಲು ಸಿದ್ಧವಾದ, ಆದರೆ ಮೇಲೆ ಮನೆಯಿಲ್ಲದ ಗಾಡಿ. ಕಂಪನಿ ಮಾರುವುದು ಇದನ್ನು. ಹೆದ್ದಾರಿಯಲ್ಲಿ ನೀವು ನೋಡಿರಬಹುದು: ಬಾಗಿಲಿಲ್ಲ, ಛಾವಣಿಯಿಲ್ಲ, ತಲೆಗೆ ಬಟ್ಟೆ ಸುತ್ತಿಕೊಂಡ ಡ್ರೈವರ್ ಬಿಸಿಲು ಧೂಳುಗಳಲ್ಲಿ ಕುಳಿತು ನೂರಾರು ಮೈಲು ಓಡಿಸಿಕೊಂಡು ಹೋಗುತ್ತಾನೆ. ಹಿಂದೆ ಎರಡು ತೊಲೆ ಮಾತ್ರ. ಲಾರಿಗಳಿಗಾದರೂ ಈಗೀಗ ಕಾರ್ಖಾನೆಯಲ್ಲೇ ಕ್ಯಾಬಿನ್ ಕೂರಿಸುವುದು ಹೆಚ್ಚಾಗಿದೆ, 2025ರಿಂದ ಅದಕ್ಕೆ ಎ.ಸಿ.ಯೂ ಕಡ್ಡಾಯವಾಗಿದೆ. ಬಸ್ಸಿನ ಚಾಸಿ ಇಂದಿಗೂ ಬತ್ತಲೆಯಾಗಿಯೇ ಹೊರಡುತ್ತದೆ. ಆ ಡ್ರೈವರನೂ ನಮ್ಮಂತೆ ಕೂಲಿಗಾರ. ಅವನ ಕತೆಯನ್ನು ಇನ್ನೊಮ್ಮೆ ಬರೆಯಬೇಕು.

ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು ಎಂಬ ಈ ಪದ್ಧತಿ ಇಂದಿನದಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲು ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಚಾಸಿಯನ್ನೇ. ಅದರ ಮೇಲೆ ಮಹಾರಾಜರುಗಳು ತಮ್ಮ ಇಷ್ಟದ ಬಾಡಿಯನ್ನು ಬೇರೆಯವರಿಂದ ಕಟ್ಟಿಸಿಕೊಳ್ಳುತ್ತಿದ್ದರು. ಮಹಾರಾಜರಿಗೆ ಅದು ಶೋಕಿ. ಬಾಡಿಯಲ್ಲಿ ಕೂರುವವರು ಅವರೇ ಆದ್ದರಿಂದ ಕಟ್ಟುವವನು ಹೆದರಿಕೊಂಡು ಕಟ್ಟುತ್ತಿದ್ದ. ನಮ್ಮ ಬಸ್ಸಿನ ಬಾಡಿ ಕಟ್ಟುವವನು ಹೆದರುವುದು ಮಾಲಕನಿಗೆ. ಮಾಲಕ ಅದರಲ್ಲಿ ಮಲಗುವುದಿಲ್ಲ.

ಕಾರುಗಳು ಈ ಪದ್ಧತಿಯನ್ನು ಎಂದೋ ಬಿಟ್ಟವು. ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಮಾಡಿದ, 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಯಿಂದ ಕಣ್ಮರೆಯಾದ ನಮ್ಮ ಕಾಲಿ-ಪೀಲಿ ಪದ್ಮಿನಿ ಟ್ಯಾಕ್ಸಿಗೆ ಬೇರೆ ಚಾಸಿ ಇರಲಿಲ್ಲ. ತಗಡಿನ ಮೈಯೇ ಭಾರ ಹೊರುತ್ತಿತ್ತು. ಚಾಸಿ ಇಲ್ಲದ ಗಾಡಿಗೂ ಚಾಸಿ ನಂಬರು ಇತ್ತು ಎಂಬುದು ತಮಾಷೆ. ರೈಲಿನವರೂ ಬಿಟ್ಟರು. ಮೊದಲು ಉಕ್ಕಿನ ಅಡಿಗಟ್ಟಿನ ಮೇಲೆ ಮರದ ಡಬ್ಬಿ ಕೂರಿಸುತ್ತಿದ್ದರು. ಡಿಕ್ಕಿಯಾದರೆ ಡಬ್ಬಿ ಸಿಗಿದು ಚೂರಾಗುತ್ತಿತ್ತು. 1955ರಲ್ಲಿ ಮದ್ರಾಸಿನ ಪೆರಂಬೂರಿನಲ್ಲಿ ತೆರೆದ ಕಾರ್ಖಾನೆಯ ಹೆಸರೇ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ. ಇಂಟೆಗ್ರಲ್ ಎಂದರೆ ಅಖಂಡ. ಅಡಿಯೂ ಗೋಡೆಯೂ ಛಾವಣಿಯೂ ಒಂದೇ ಉಕ್ಕಿನ ಮೈಯಾಗಿ ಕೂಡಿ ಭಾರ ಹೊರುವ ಡಬ್ಬಿ. ಹೊರುವುದು ಭಾರವನ್ನು ಮಾತ್ರವಲ್ಲ. ಡಬ್ಬಿಯಲ್ಲಿ ದೋಷವಿದ್ದರೆ ಯಾರನ್ನು ಕೇಳಬೇಕೆಂಬುದರಲ್ಲಿ ಸಂದೇಹವಿಲ್ಲ. ಎಪ್ಪತ್ತು ವರ್ಷ ಕಳೆದರೂ ರಾತ್ರಿ ಬಸ್ಸಿಗೆ ಈ ಭಾಗ್ಯ ಪೂರ್ತಿಯಾಗಿ ಬಂದಿಲ್ಲ.

ಬಾಡಿ ಕಟ್ಟುವ ಎಲ್ಲರೂ ಕೆಟ್ಟವರೆಂದು ನಾವು ಹೇಳುವುದಿಲ್ಲ. ಅಲ್ಲಿ ದುಡಿಯುವವರೂ ನಮ್ಮಂಥವರೇ. ಕರ್ನಾಟಕದ ಸರಕಾರಿ ಸಾರಿಗೆ ಸಂಸ್ಥೆಯೇ ಚಾಸಿ ಕೊಂಡು ತಂದು ತನ್ನ ವರ್ಕ್‌ಶಾಪುಗಳಲ್ಲಿ ಬಾಡಿ ಕಟ್ಟಿಸಿದೆ. ಆ ಕೆಂಪು ಬಸ್ಸುಗಳಲ್ಲಿ ನಾವು ಧೈರ್ಯವಾಗಿ ಕೂತಿದ್ದೇವೆ. ಪ್ರಶ್ನೆ ಬೇರೆ. ಚಾಸಿ ಮಾಡುವವರು ಬಾಡಿ ಕಟ್ಟುವವರಿಗೆ ಬರೆದು ಕೊಡುವ ಕಟ್ಟಳೆಗಳಿವೆ: ತೊಲೆಯ ಮೇಲಂಚು ಕೆಳಂಚುಗಳಲ್ಲಿ ತೂತು ಕೊರೆಯಬಾರದು, ಕಂಡಲ್ಲಿ ಬೆಸುಗೆ ಹಾಕಬಾರದು. ತೊಲೆ ಬಾಗುವಾಗ ಎಳೆತವೆಲ್ಲ ಬೀಳುವುದು ಆ ಅಂಚುಗಳ ಮೇಲೆ. ಒಂದು ತೂತಿನಿಂದ ಬಿರುಕು ಹುಟ್ಟುತ್ತದೆ. ಬೆಸುಗೆಯ ಕಾವಿಗೆ ಹದಮಾಡಿದ ಉಕ್ಕು ಹದ ಕಳೆದುಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಯವರು ರಿವೆಟ್ ಹೊಡೆಯುತ್ತಾರೆ. ಹಿಂದಿನ ಅಚ್ಚಿನಿಂದಾಚೆ ಬಾಡಿ ಎಷ್ಟು ಚಾಚಬಹುದೆಂಬುದಕ್ಕೂ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಲೆಕ್ಕವಿದೆ: ಎರಡು ಅಚ್ಚುಗಳ ನಡುವಿನ ಅಂತರದ ನೂರಕ್ಕೆ 60. ಅಂತರ 6 ಮೀಟರ್ ಇದ್ದರೆ ಹಿಂದೆ 3.6 ಮೀಟರಿಗಿಂತ ಹೆಚ್ಚು ನೇತಾಡಬಾರದು. ಇನ್ನೆರಡು ಬರ್ತು ಹಿಡಿಸುವ ಆಸೆಗೆ ಈ ಲೆಕ್ಕ ಮರೆತುಹೋಗುತ್ತದೆ.

ಸೀಟಿನ ಬಸ್ಸನ್ನು ಸ್ಲೀಪರ್ ಮಾಡಿದಾಗ ಏನಾಗುತ್ತದೆ ನೋಡಿ. ಮೇಲಿನ ಸಾಲಿನಲ್ಲಿ ಹತ್ತು ಹದಿನೈದು ಮಂದಿ ಛಾವಣಿಯ ಹತ್ತಿರ ಮಲಗುತ್ತಾರೆ; ಗಾಡಿಯ ತೂಕ ಮೇಲಕ್ಕೇರುತ್ತದೆ, ಘಾಟಿಯ ತಿರುವಿನಲ್ಲಿ ಗಾಡಿ ವಾಲುತ್ತದೆ. ನಡುವಿನ ದಾರಿ ಒಬ್ಬ ಮನುಷ್ಯ ಓರೆಯಾಗಿ ನಡೆಯುವಷ್ಟಾಗುತ್ತದೆ. ತುರ್ತು ಬಾಗಿಲಿಗೆ ಅಡ್ಡವಾಗಿ ಬರ್ತು ಬರುತ್ತದೆ. ಬಾಗಿಲಿನ ಮೇಲೆ ಕೆಂಪು ಅಕ್ಷರ ಮಾತ್ರ ಉಳಿಯುತ್ತದೆ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಅರಿಯರು. ಮೋಟಾರು ಗಾಡಿಯಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಒಂದು ತುದಿಯನ್ನು ಚಾಸಿಗೇ ಕಟ್ಟಿರುತ್ತಾರೆ. ಚಾಸಿಯೇ ಒಂದು ದೊಡ್ಡ ತಂತಿ. ಆದುದರಿಂದ ಇನ್ನೊಂದು ತುದಿಯ ತಂತಿ ಎಲ್ಲಿ ಚಾಸಿಗೆ ಉಜ್ಜಿ ಸುಲಿಯುತ್ತದೋ ಅಲ್ಲಿ ಕಿಡಿ. ಕಾರ್ಖಾನೆಯಿಂದ ಬಂದ ತಂತಿಗಳಿಗೆ ಕವಚವಿರುತ್ತದೆ, ಹಿಡಿಕೆಯಿರುತ್ತದೆ. ಆಮೇಲೆ ಸೇರಿಸಿದ ನೀಲಿ ದೀಪ, ಟಿ.ವಿ., ಮೂವತ್ತು ಚಾರ್ಜರುಗಳ ತಂತಿಗಳನ್ನು ಯಾರು ಎಳೆದರು, ಯಾವ ತೂತಿನಲ್ಲಿ ತೂರಿಸಿದರು? ಗ್ರೈಂಡರಿನಲ್ಲಿ ಕೈಗೆ ಹೊಡೆಯುವುದು ಇಲ್ಲಿ ಪರದೆಗೆ ಹತ್ತುತ್ತದೆ. ಏಜಂಟರು ಹೆಮ್ಮೆಯಿಂದ ತೋರಿಸಿದ ಫೋಟೊದಲ್ಲಿದ್ದ ಪ್ರತಿಯೊಂದು ವಸ್ತುವೂ, ಪರದೆ, ದಿಂಬು, ಸ್ಪಂಜು, ಪ್ಲೈವುಡ್ಡು, ಉರಿಯುವಂಥದು.

ಇದು ಹೆದರಿಸುವ ಮಾತಲ್ಲ. 2022ರ ಅಕ್ಟೋಬರ್ 8ರಂದು ಯವತಮಾಳದಿಂದ ಮುಂಬಯಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ನಾಸಿಕದಲ್ಲಿ ಲಾರಿಗೆ ಡಿಕ್ಕಿಯಾಗಿ ಉರಿಯಿತು. 12 ಮಂದಿ ಸತ್ತರು. 2023ರ ಜುಲೈ 1ರಂದು ನಾಗಪುರದಿಂದ ಪುಣೆಗೆ ಹೊರಟ ಬಸ್ಸು ಬುಲಢಾಣಾ ಜಿಲ್ಲೆಯಲ್ಲಿ ಮಗುಚಿ ಉರಿದು 25 ಮಂದಿ ಹೋದರು. 2025ರ ಅಕ್ಟೋಬರಿನಲ್ಲಿ ಹತ್ತೇ ದಿನಗಳ ಅಂತರದಲ್ಲಿ ಎರಡು: 14ರಂದು ಜೈಸಲ್ಮೇರಿನಲ್ಲಿ 20ಕ್ಕೂ ಹೆಚ್ಚು ಮಂದಿ, 24ರ ಬೆಳಗಿನ ಜಾವ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸಿನಲ್ಲಿ, ಕರ್ನೂಲಿನ ಹತ್ತಿರ, 19 ಪ್ರಯಾಣಿಕರು. ಆ ಬಸ್ಸು ಓಡುತ್ತಿದ್ದುದು ತೆಲಂಗಾಣ, ಆಂಧ್ರ, ಕರ್ನಾಟಕಗಳಲ್ಲಿ. ನೋಂದಣಿಯಾಗಿದ್ದುದು ಮೊದಲು ದಮಣದಲ್ಲಿ, ಆಮೇಲೆ ಒಡಿಶಾದಲ್ಲಿ. ಜನ ಮಲಗಿದ್ದ ಬಸ್ಸಿನ ಹೊಟ್ಟೆಯಲ್ಲಿ ಮೊಬೈಲ್ ಫೋನುಗಳ ಸರಕು ಇತ್ತು.

ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು. 2013ರ ಅಕ್ಟೋಬರ್ 30ರಂದು ಪಾಲೆಂನಲ್ಲಿ 45 ಜನರನ್ನು, ಎರಡೇ ವಾರಗಳ ಬಳಿಕ ನವೆಂಬರ್ 14ರಂದು ಬೆಂಗಳೂರಿನಿಂದ ನಮ್ಮ ಈ ಮುಂಬಯಿಗೇ ಬರುತ್ತಿದ್ದಾಗ ಹಾವೇರಿಯ ಹತ್ತಿರ 7 ಜನರನ್ನು ಸುಟ್ಟ ಬಸ್ಸುಗಳು ಬೀದಿಬದಿಯ ಶೆಡ್ಡಿನಲ್ಲಿ ಕಟ್ಟಿದವಲ್ಲ. ದೊಡ್ಡ ಕಂಪನಿಯೇ ಪೂರ್ತಿಯಾಗಿ ಮಾಡಿ ಕೊಟ್ಟವು. ಹಾಗಾಗಿ ಕಂಪನಿಯ ಬಾಡಿಯಾದರೆ ಸಾವಿಲ್ಲ ಎಂದು ನಾವು ಹೇಳಲಾರೆವು. ಆದರೆ ಅಲ್ಲಿ ಟ್ಯಾಂಕು ಎಲ್ಲಿತ್ತು, ಬಾಗಿಲು ಏಕೆ ತೆರೆಯಲಿಲ್ಲ ಎಂದು ಕೇಳಲು ಒಂದು ವಿಳಾಸವಾದರೂ ಇತ್ತು. ಉಳಿದ ಕಡೆ ಏನಾಗುತ್ತದೆ? ಕಂಪನಿ ಹೇಳುತ್ತದೆ: ನಾವು ಮಾರಿದ್ದು ಚಾಸಿ. ಬಾಡಿ ಕಟ್ಟಿದವನು ಹೇಳುತ್ತಾನೆ: ಮಾಲಕರು ಹೇಳಿದಂತೆ ಕಟ್ಟಿದ್ದೇನೆ. ಮಾಲಕರು ಹೇಳುತ್ತಾರೆ: ಆರ್.ಟಿ.ಓ. ಪಾಸು ಮಾಡಿದೆ. ಆರ್.ಟಿ.ಓ. ಹೇಳುತ್ತದೆ: ನಮ್ಮ ಮುಂದೆ ಬಂದಾಗ ಸೀಟಿನ ಬಸ್ಸಾಗಿತ್ತು. ಅದೂ ಆ ಆರ್.ಟಿ.ಓ. ಇರುವುದು ನಾಗಾಲ್ಯಾಂಡಿನಲ್ಲೋ ಅರುಣಾಚಲದಲ್ಲೋ. ಅಲ್ಲಿ ತೆರಿಗೆ ಅಗ್ಗ. ಉಡುಪಿಯಿಂದ ಕುರ್ಲೆಗೆ ಓಡುವ ಬಸ್ಸು ಕೊಹಿಮಾದ ಬೆಟ್ಟಗಳನ್ನು ಕನಸಿನಲ್ಲೂ ಕಂಡಿರುವುದಿಲ್ಲ. ಕೊನೆಗೆ ಉಳಿಯುವವನು ಡ್ರೈವರ್. ಬದುಕಿದ್ದರೆ ಪೊಲೀಸರು ಅವನನ್ನು ಹಿಡಿಯುತ್ತಾರೆ.

ಕಾನೂನು ಇಲ್ಲವೆ? ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಹೇಳಿದ್ದಕ್ಕೂ ನೋಂದಣಿ ಪತ್ರಕ್ಕೂ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯನ್ನೂ ಬರೆದರು: ಮಾಲಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಆ 'ಅಥವಾ'ದಲ್ಲಿ ಎಲ್ಲವೂ ಇದೆ. ಐದು ಸಾವಿರವೆಂದರೆ ಚೌತಿಯ ರಾತ್ರಿ ಎರಡು ಮೂರು ಬರ್ತಿನ ಟಿಕೆಟ್ಟಿನ ಹಣ. ಮಂಗಳೂರಿಗೆ ತಲುಪುವ ಮೊದಲೇ ದಂಡ ಸಂದಾಯವಾಗಿರುತ್ತದೆ, ಅದೂ ನಮ್ಮ ಕಿಸೆಯಿಂದ.

"ನೀವು ನಮ್ಮವರ ವ್ಯಾಪಾರಕ್ಕೆ ಕಲ್ಲು ಹಾಕುತ್ತೀರಿ" ಎಂಬ ಆಕ್ಷೇಪ ಈಗಾಗಲೇ ನಮ್ಮ ಕಿವಿಗೆ ಬಿದ್ದಿದೆ. ಬಸ್ಸಿನ ಮಾಲಕರಲ್ಲಿ ಬಹಳ ಮಂದಿ ನಮ್ಮ ಊರಿನವರು, ನಮ್ಮ ಭಾಷೆಯವರು, ಸಂಘದ ವಾರ್ಷಿಕೋತ್ಸವಕ್ಕೆ ಜಾಹೀರಾತು ಕೊಡುವವರು. ನಿಜ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ಅವರ ಬಸ್ಸುಗಳೇ ನಮಗೆ ಊರಿನ ದಾರಿಯಾಗಿದ್ದವು. ಇಂದಿಗೂ ರೈಲಿನ ಟಿಕೆಟ್ಟು ಸಿಗದ ಹಬ್ಬಗಳಲ್ಲಿ ಅವರೇ ಗತಿ. ಅದಕ್ಕೆ ಕೃತಜ್ಞತೆ ಇದೆ. ಆದರೆ ಗಿರಣಿಯ ಕಾಲದಲ್ಲಿ ನಮ್ಮವನೆಂಬ ಕಾರಣಕ್ಕೆ ಮುಕಾದಮನು ದಸ್ತೂರಿ ಬಿಟ್ಟನೆ? ಊರಿನ ನಂಟು ಟಿಕೆಟ್ಟು ಮಾರುವಾಗ ನೆನಪಾಗಿ ಬರ್ತು ಕೂರಿಸುವಾಗ ಮರೆತರೆ ಅದೆಂಥ ನಂಟು?

ನಮ್ಮ ತಪ್ಪೂ ಇದೆ. ಯಾವ ಬಸ್ಸಿನಲ್ಲಿ ಹೋದೆ ಎಂದು ಕೇಳಿದರೆ ನಾವು ಪರದೆಯ ಬಣ್ಣ ಹೇಳುತ್ತೇವೆ. ನೂರು ರೂಪಾಯಿ ಕಡಿಮೆಗೆ ಓಡುತ್ತೇವೆ. ಹೆಂಗಸರು ಮಕ್ಕಳನ್ನು ಒಳಗೆ ಮಲಗಿಸಿ, ತುರ್ತು ಬಾಗಿಲಿನ ಮುಂದೆ ನಮ್ಮದೇ ಗೋಣಿಚೀಲ ಇಡುತ್ತೇವೆ. ಬಸ್ಸಿನ ಆರ್.ಸಿ. ಎಂಬ ಕಾಗದದಲ್ಲಿ ಸೀಟು ಎಷ್ಟು, ಬರ್ತು ಎಷ್ಟು, ಅಚ್ಚುಗಳ ಅಂತರ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ಚಾಸಿ ನಂಬರೂ ಇರುತ್ತದೆ: 17 ಅಕ್ಷರ-ಅಂಕೆಗಳು, ಮೊದಲ ಮೂರು ತಯಾರಕರ ಗುರುತು, ಒಂದು ಮತ್ತು ಸೊನ್ನೆಗಳೊಂದಿಗೆ ಬೆರೆಯದಿರಲೆಂದು ಐ, ಓ, ಕ್ಯೂ ಎಂಬ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಬಣ್ಣ ಬದಲಿಸಬಹುದು, ಹೆಸರು ಬದಲಿಸಬಹುದು, ರಾಜ್ಯ ಬದಲಿಸಬಹುದು. ತೊಲೆಯ ಮೇಲೆ ಕೊರೆದ ಆ ನಂಬರನ್ನು ಬದಲಿಸುವುದು ಸುಲಭವಲ್ಲ. ಒಂದು ಟಿಕೆಟ್ಟು ಕೊಳ್ಳುವವನು ಈ ಕಾಗದ ಕೇಳಿದರೆ ಏಜಂಟರು ನಗುತ್ತಾರೆ. ಎಂಬತ್ತು ಟಿಕೆಟ್ಟು ಕೊಳ್ಳುವ ಸಂಘ ಕೇಳಿದರೆ ನಗುವುದು ಕಷ್ಟ.

ನಾವು ಎರಡನೆಯ ಬಾರಿ ಹೋಗಿ ಕೇಳಿದೆವು. ಈ ಸಲ ಚಹಾ ಬರಲಿಲ್ಲ. ಒಂದು ಬಸ್ಸಿನ ಆರ್.ಸಿ.ಯ ಪ್ರತಿ ತೋರಿಸಿದರು. ಅದರಲ್ಲಿದ್ದ ಬರ್ತಿನ ಲೆಕ್ಕ ಫೋಟೊದಲ್ಲಿ ಎಣಿಸಿದ ಬರ್ತಿಗೆ ಸರಿಹೋಯಿತು. ಶೆಡ್ಡಿಗೆ ಹೋಗಿ ತುರ್ತು ಬಾಗಿಲನ್ನು ಒಳಗಿನಿಂದ ನಾವೇ ತೆರೆದು ನೋಡಿದೆವು, ತೆರೆಯಿತು. ಎರಡನೆಯ ಬಸ್ಸಿನ ಕಾಗದದಲ್ಲಿ ಸೀಟು 49 ಎಂದಿತ್ತು. ಬರ್ತಿನ ಜಾಗದಲ್ಲಿ ಏನೂ ಇರಲಿಲ್ಲ. "ಅದೆಲ್ಲ ಹಾಗೇ ಇರ್ತದೆ, ದಾರಿಯಲ್ಲಿ ಯಾರೂ ಕೇಳುವುದಿಲ್ಲ" ಎಂದರು. ನಾವು ಕೇಳುತ್ತಿದ್ದೇವಲ್ಲ ಎಂದೆವು.

ಮೊದಲ ಬಸ್ಸಿಗೆ ಮುಂಗಡ ಕೊಟ್ಟಾಗಿದೆ. ಎರಡನೆಯದಕ್ಕೆ ಕೊಟ್ಟಿಲ್ಲ. ಹೆಸರು ಬರೆಸಿದವರಲ್ಲಿ ಅರ್ಧದಷ್ಟು ಮಂದಿಗೆ ಇನ್ನೂ ಜಾಗವಾಗಿಲ್ಲ. ಅವರಿಗಾಗಿ ಬೇರೆ ಬಸ್ಸು ಹುಡುಕುತ್ತಿದ್ದೇವೆ. ಕಾಗದ ಸರಿಯಿರುವ ಗಾಡಿ ಯಾರ ಗಮನದಲ್ಲಾದರೂ ಇದ್ದರೆ ರಾತ್ರಿ ಪಾಳಿ ಮುಗಿಸಿ ಬರುವಾಗ ಸಂಘದ ಆಫೀಸಿಗೆ ಬಂದು ಗಾಡಿಯ ನಂಬರು ಬರೆಸಿ ಹೋಗಬೇಕು.